ಊಟದ ಹೊತ್ತಿಗೆ ಆಡಬಾರದ ಮಾತು

ಊರಿನ ಆಡಳಿತ ನಡೆಸುವ ನಮ್ಮ ಕೌನ್ಸಿಲ್ಲಿಗೆ ದೊಡ್ಡ ಹುದ್ದೆಗೆ ಜನ ಬೇಕಾದಾಗಲೆಲ್ಲ ಒಂದು ಪುಸ್ತಿಕೆ ಅಚ್ಚಾಗುತ್ತದೆ. ಮೊದಲ ಪುಟದಲ್ಲಿ ಕಾಲುವೆ, ಅದರ ದಡದಲ್ಲಿ ಸೈಕಲ್ ಹೊಡೆಯುವ ಹುಡುಗಿ, ಮೇಲೆ ಈ ಊರಿನವರು ಯಾವತ್ತೂ ಕಂಡಿರದಷ್ಟು ನೀಲಿ ಆಕಾಶ. ಒಳಗೆ, ನಾವೊಂದು ಪ್ರಯಾಣದಲ್ಲಿದ್ದೇವೆ ಎಂದು ಬರೆದಿರುತ್ತದೆ. ಬರ್ಮಿಂಗ್‌ಹ್ಯಾಮಿನ ಪಕ್ಕದಲ್ಲಿ, ಮೋಟರ್‌ವೇ ಹೆದ್ದಾರಿಯ ಕಂಬಗಳ ಕೆಳಗೆ ಬಿದ್ದುಕೊಂಡಿರುವ ಈ ಊರು ನಾನು ಮದುವೆಯಾಗಿ ಬಂದ ದಿನದಿಂದ ಇದ್ದಲ್ಲೇ ಇದೆ. ಎಲ್ಲಿಗಾದರೂ ಹೊರಟಿದ್ದನ್ನು ನಾನಂತೂ ನೋಡಿಲ್ಲ.

ನಾನು ಇದೇ ಕೌನ್ಸಿಲ್ಲಿನ ಎಚ್ಆರ್ ವಿಭಾಗದಲ್ಲಿದ್ದೇನೆ. ದೊಡ್ಡವರ ನೇಮಕಾತಿ ನಡೆಯುವಾಗ ಕೋಣೆ ಗೊತ್ತು ಮಾಡುವುದು, ಸಂದರ್ಶಕರಿಗೆ ನಿಯಮ ತಿಳಿಸುವುದು, ಬಂದವರನ್ನು ಬಾಗಿಲಿಂದ ಬಾಗಿಲಿಗೆ ಕರೆದೊಯ್ಯುವುದು ನನ್ನ ಕೆಲಸ. ಆಯ್ಕೆ ಮಾಡುವುದು ಕೌನ್ಸಿಲರುಗಳು. ಅವರಲ್ಲಿ ಒಬ್ಬರು ಊಟವಾದ ಮೇಲೆ ಕಣ್ಣು ಮುಚ್ಚಿಯೇ ಕೇಳಿಸಿಕೊಳ್ಳುತ್ತಾರೆ. ಇನ್ನೊಬ್ಬರಿಗೆ ಯಾವ ಹುದ್ದೆಯಾದರೂ ಕಸದ ಡಬ್ಬಿಯ ವಿಚಾರವೇ ಮುಖ್ಯ. ಇವರೆಲ್ಲರ ತಲೆಯ ಮೇಲೆ ಲಂಡನ್ನಿನಿಂದ ಬರುವ ಒಬ್ಬ ಸಲಹೆಗಾರ. ಅಭ್ಯರ್ಥಿಗಳನ್ನು ಹುಡುಕಿಕೊಡುವ ಕಂಪನಿಯವನು. ಹುಡುಕುವುದೆಂದರೆ ಮತ್ತೇನಲ್ಲ, ಪಕ್ಕದ ಕೌನ್ಸಿಲ್ಲಿಗೆ ತಾನೇ ಹಿಂದೊಮ್ಮೆ ಹುಡುಕಿಕೊಟ್ಟವರಿಗೆ ಫೋನ್ ಮಾಡಿ ಇಲ್ಲಿಗೆ ಬರುತ್ತೀರಾ ಎಂದು ಕೇಳುವುದು. ಹೀಗೆ ಅದೇ ಹತ್ತಾರು ಜನ ಮ್ಯಾಂಚೆಸ್ಟರಿನ ಕಡೆಯಿಂದ ಲೀಡ್ಸ್ ಕಡೆಗೆ, ಅಲ್ಲಿಂದ ನಮ್ಮ ಕಡೆಗೆ ಕುರ್ಚಿ ಆಟ ಆಡಿಕೊಂಡಿರುತ್ತಾರೆ. ಹಾಡು ನಿಂತಾಗ ಕೂರಲು ಜಾಗ ಸಿಗದವರು ಸಲಹೆಗಾರರಾಗುತ್ತಾರೆ.

ಆ ಸಲ ಬೇಕಾಗಿದ್ದದ್ದು ವಯಸ್ಸಾದವರ, ಅಂಗವಿಕಲರ ಆರೈಕೆಯ ವಿಭಾಗಕ್ಕೆ ಡೈರೆಕ್ಟರ್. ಬೇರೆ ಹುದ್ದೆಯಾಗಿದ್ದರೆ ನಾನು ಮನಸ್ಸಿನಲ್ಲೇ ನಕ್ಕು ಸುಮ್ಮನಾಗುತ್ತಿದ್ದೆ. ಇದು ನಮ್ಮ ಮನೆಗೇ ಸಂಬಂಧಿಸಿದ್ದು. ಹಿರಿಯರು ಸೇರಿ ಹಗಲು ಕಳೆಯುವ ಕೌನ್ಸಿಲ್ಲಿನ ಡೇ ಸೆಂಟರ್ ಒಂದಕ್ಕೆ ನನ್ನ ಅತ್ತೆ ಹೋಗುತ್ತಿದ್ದರು. ಬೆಳಿಗ್ಗೆ ಮಿನಿಬಸ್ ಬಂದು ಮನೆ ಮುಂದೆ ಹಾರ್ನ್ ಹೊಡೆದರೆ ಸಂಜೆಯವರೆಗೆ ಅವರು ಅಲ್ಲಿಯ ಅಡುಗೆಮನೆಯ ಯಜಮಾನಿ. ಉಡುಪಿಯ ಕಡೆಯವರು, ಅರ್ಧ ಆಯುಸ್ಸು ಮುಂಬೈಯಲ್ಲಿ ಕಳೆದವರು. ಹಾಗಾಗಿ ಗುಜರಾತಿ, ಪಂಜಾಬಿ ಹೆಂಗಸರ ಜೊತೆ ಹಿಂದಿಯಲ್ಲಿ ಜಗಳವಾಡುವಷ್ಟು ಸಲಿಗೆ. ಇಂಗ್ಲಿಷ್ ಮಾತ್ರ ನಾಲಿಗೆಗೆ ಹತ್ತಲಿಲ್ಲ. ಮಾವ ಹೋದ ಮೇಲೆ ನಮ್ಮ ಜೊತೆಗಿರಲು ಬಂದು ಎರಡು ಚಳಿಗಾಲ ಬಾಯಿ ಬಿಡದೆ ಕೂತಿದ್ದವರನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದ್ದು ಆ ಸೆಂಟರು. ಅದು ಹಳೆಯ ಶಾಲೆಯ ಕಟ್ಟಡ, ಮಳೆ ಬಂದರೆ ಅಲ್ಲಲ್ಲಿ ಬಕೆಟ್ ಇಡಬೇಕು. ಹೊಸ ಡೈರೆಕ್ಟರ್ ಬಂದ ಮೇಲೆ ಅದು ಉಳಿಯುತ್ತದೋ ಮುಚ್ಚುತ್ತದೋ ತೀರ್ಮಾನವಾಗುತ್ತದೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪುಸ್ತಿಕೆಯಲ್ಲಿ ಮಾತ್ರ ಆ ವಿಷಯವೇ ಇರಲಿಲ್ಲ.

ಅತ್ತೆ ಅಲ್ಲಿಗೆ ಹೋಗುತ್ತಾರೆ, ನನ್ನನ್ನು ಈ ನೇಮಕಾತಿಯಿಂದ ಬಿಡಿಸಿ ಎಂದು ನಾನು ಮೊದಲೇ ಹೇಳಿದೆ. ಸಲಹೆಗಾರನ ಮುಖ ಅರಳಿತು. ಹಾಗಾದರೆ ನೀವೇ ಅವರ ಮಾತು ಅನುವಾದ ಮಾಡಬಹುದಲ್ಲ ಎಂದ.

ಸಂದರ್ಶನಕ್ಕೆ ನಾನು ಒಂದು ಪ್ರಶ್ನೆ ಬರೆದುಕೊಟ್ಟಿದ್ದೆ. ನಮ್ಮ ಡೇ ಸೆಂಟರುಗಳನ್ನು ನೀವು ಏನು ಮಾಡುತ್ತೀರಿ? ಅಷ್ಟೇ. ಇದು ತುಂಬ ನೇರವಾಯಿತು, ಅಭ್ಯರ್ಥಿಗೆ ಮುಜುಗರವಾಗಬಹುದು ಎಂದು ಸಲಹೆಗಾರ ಅದನ್ನು ತಿದ್ದಲು ಕೂತ. ತಿದ್ದಿ ತಿದ್ದಿ ಕೊನೆಗೆ ಅದು, ಬದಲಾಗುತ್ತಿರುವ ಪರಿಸರದಲ್ಲಿ ನಿಮ್ಮ ನಾಯಕತ್ವವನ್ನು ಹೇಗೆ ಬದುಕಿ ತೋರಿಸುತ್ತೀರಿ ಎಂದಾಯಿತು. ಇಂಥ ಪ್ರಶ್ನೆಗೆ ಸತ್ತವರನ್ನು ಬಿಟ್ಟು ಯಾರು ಬೇಕಾದರೂ ಉತ್ತರ ಹೇಳಬಹುದು. ಇದರ ಮೇಲೆ ನಮ್ಮಲ್ಲಿ ಇನ್ನೊಂದು ನಿಯಮವಿದೆ. ನ್ಯಾಯವಾಗಿರಬೇಕೆಂದು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಕೇಳಬೇಕು. ಉತ್ತರ ಎಷ್ಟೇ ಪೊಳ್ಳಾಗಿದ್ದರೂ, ಹಾಗೆಂದರೇನು ಸ್ವಾಮಿ ಎಂದು ಮರುಪ್ರಶ್ನೆ ಹಾಕುವಂತಿಲ್ಲ. ಒಬ್ಬರಿಗೆ ಹಾಕಿದರೆ ಇನ್ನೊಬ್ಬರಿಗೆ ಅನ್ಯಾಯ. ಹಾಗಾಗಿ ಎಲ್ಲರೂ ಸಮಾನವಾಗಿ ರೈಲು ಬಿಡುತ್ತಾರೆ, ನಾವು ಸಮಾನವಾಗಿ ತಲೆದೂಗುತ್ತೇವೆ.

ಕೊನೆಯ ಸುತ್ತಿಗೆ ಇಬ್ಬರು ಉಳಿದರು. ಒಬ್ಬ ನೀಲಿ ಸೂಟಿನವನು, ಮ್ಯಾಂಚೆಸ್ಟರಿನ ಹತ್ತಿರದ ಯಾವುದೋ ಕೌನ್ಸಿಲ್ಲಿನಲ್ಲಿ ಇದ್ದವನು. ಇನ್ನೊಬ್ಬಳು ಲೀಡ್ಸ್ ಕಡೆಯ ಹೆಂಗಸು, ನರೆತ ಕೂದಲು, ನೆಗಡಿ, ನಗು ಕಡಿಮೆ. ಇಬ್ಬರೂ ಬೇರೆ ಬೇರೆ ದಿನ ಅತ್ತೆಯ ಸೆಂಟರಿನಲ್ಲಿ ಊಟ ಮಾಡಬೇಕು, ಅಲ್ಲಿಯ ಹಿರಿಯರು ತಮ್ಮ ಅಭಿಪ್ರಾಯ ತಿಳಿಸಬೇಕು ಎಂದಾಯಿತು. ಸಮುದಾಯದ ದನಿ ಎಂದು ಅದಕ್ಕೆ ಹೆಸರು.

ಸಮುದಾಯ ಇದನ್ನು ಏನೆಂದು ತಿಳಿಯಿತು ಎನ್ನುವುದು ಅತ್ತೆಯ ಸಡಗರ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಅವರ ಲೆಕ್ಕದಲ್ಲಿ ಗಂಡು ನೋಡುವ ಶಾಸ್ತ್ರ. ಹಿಂದಿನ ದಿನವೇ ಗೋಳಿಬಜೆಗೆ ಯಾವ ಮೊಸರು, ಪಾಯಸಕ್ಕೆ ಎಷ್ಟು ಬೆಲ್ಲ ಎಂಬ ಚರ್ಚೆ. ಗುಜರಾತಿ ಹೆಂಗಸರು ರೊಟ್ಟಿಯ ಜವಾಬ್ದಾರಿ ಹೊತ್ತರು. ಹಳೆಯ ಫೌಂಡ್ರಿ ಕೆಲಸಗಾರ ಸರ್ದಾರಜಿಯೊಬ್ಬರು ಹೊಸ ಪೇಟ ಕಟ್ಟಿಕೊಂಡು ಬಂದರು. ಮನೆ, ಮಕ್ಕಳು, ಧರ್ಮ ಇವನ್ನು ಕೇಳಬಾರದು, ಕಾನೂನು ಒಪ್ಪುವುದಿಲ್ಲ ಎಂದು ನಾನು ಎಲ್ಲರಿಗೂ ತಿಳಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ನೀಲಿ ಸೂಟಿನವನು ಬಾಗಿಲಲ್ಲೇ ಶೂ ಬಿಚ್ಚಿದ. ಯಾರೂ ಬಿಚ್ಚು ಎಂದಿರಲಿಲ್ಲ, ಅಲ್ಲಿ ಶೂ ಬಿಚ್ಚುವ ಪದ್ಧತಿಯೂ ಇರಲಿಲ್ಲ. ಒದ್ದೆ ನೆಲದ ಮೇಲೆ ಕಾಲುಚೀಲದಲ್ಲೇ ನಡೆದು ಬಂದು ಕೈಮುಗಿದ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕೈಯಲ್ಲೇ ಊಟ ಮಾಡಿದ, ಸಾರು ಮೊಣಕೈಗೆ ಇಳಿದರೂ ಬಿಡಲಿಲ್ಲ. ಗೋಳಿಬಜೆ ಎರಡನೆಯ ಸಲ ಹಾಕಿಸಿಕೊಂಡ, ಮೂರನೆಯ ಸಲ ತಾನಾಗಿಯೇ ಕೇಳಿದ. ಕೌನ್ಸಿಲ್ಲಿನ ಫೋಟೋದವನು ಸುತ್ತಿ ಸುತ್ತಿ ಫೋಟೋ ತೆಗೆದ. ಒಂದರಲ್ಲಿ ಅತ್ತೆ ಸೌಟು ಹಿಡಿದು ಬಗ್ಗಿದ್ದಾರೆ, ಅವನು ತಟ್ಟೆ ಚಾಚಿ ಮಗುವಿನ ಹಾಗೆ ಮೇಲೆ ನೋಡುತ್ತಿದ್ದಾನೆ. ನಾನು ಎಷ್ಟು ಹೇಳಿದ್ದರೂ ಸರ್ದಾರಜಿ, ನಿನ್ನ ತಾಯಿ ಎಲ್ಲಿದ್ದಾರೆ ಎಂದು ಕೇಳಿಯೇಬಿಟ್ಟರು. ನಮ್ಮ ಜೊತೆಗೇ ಇದ್ದಾರೆ ಎಂದ. ಅದು ಸುಳ್ಳೇನಲ್ಲ, ನಿಜಕ್ಕೂ ಇದ್ದರು. ಇಡೀ ಕೋಣೆ ಕರಗಿ ನೀರಾಯಿತು. ಸೆಂಟರಿನ ಬಗ್ಗೆ ಯಾರೋ ಕೇಳಿದಾಗ ಎದೆಯ ಮೇಲೆ ಕೈಯಿಟ್ಟು, ನಾನು ಹೇಳಲು ಬಂದಿಲ್ಲ, ಕೇಳಿಸಿಕೊಳ್ಳಲು ಬಂದಿದ್ದೇನೆ ಎಂದ. ಕೇಳಿಸಿಕೊಂಡು, ಉಂಡು, ಹೋದ.

ಲೀಡ್ಸ್ ಕಡೆಯವಳು ಬಂದ ದಿನ ಮಳೆ. ಕೋಟು ಬಿಚ್ಚುವ ಮೊದಲೇ ಅವಳು ಬಕೆಟುಗಳನ್ನು ನೋಡಿದಳು. ಮಿನಿಬಸ್ ಯಾರದು, ಡ್ರೈವರ್ ರಜೆ ಹಾಕಿದರೆ ಏನು ಮಾಡುತ್ತೀರಿ, ಬಚ್ಚಲುಮನೆಗೆ ಗಾಲಿಕುರ್ಚಿ ಹೋಗುತ್ತದೆಯೇ ಎಂದೆಲ್ಲ ವಿಚಾರಿಸಿದಳು. ಬಡಿಸಿದ್ದರಲ್ಲಿ ಸ್ವಲ್ಪ ತಿಂದಳು, ಮೂಗು ಒರೆಸಿಕೊಂಡಳು. ಪಾಯಸ ಬೇಡವೆಂದಳು, ಸಕ್ಕರೆ ಕಾಯಿಲೆಯಂತೆ. ಸರ್ದಾರಜಿ ತಾಯಿಯ ವಿಷಯ ಎತ್ತಿದಾಗ, ಮನೆಯ ಮಾತು ಬೇಡ ಎಂದು ಮೆಲ್ಲಗೆ ಹೇಳಿದಳು. ಅತ್ತೆ ಮಜ್ಜಿಗೆ ಬಡಿಸುತ್ತ, ಈ ಸೆಂಟರ್ ನಡೆಯುತ್ತದಲ್ಲ ಎಂದು ನನ್ನ ಮೂಲಕ ಕೇಳಿದರು. ಅದು ಪ್ರಶ್ನೆಯೇ ಅಲ್ಲ, ಚೆನ್ನಾಗಿದ್ದೀರಲ್ಲ ಎಂದು ನಾವೆಲ್ಲ ಕೇಳುವುದಿಲ್ಲವೇ, ಆ ಥರದ್ದು. ಹೂಂ ಎನ್ನಬೇಕು, ಅಷ್ಟೇ.

ಅವಳು ಚಮಚ ಕೆಳಗಿಟ್ಟಳು.

"ಈ ಕಟ್ಟಡ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಛಾವಣಿ ಹೋಗಿದೆ. ಮುಚ್ಚಬೇಕಾಗಿ ಬಂದರೆ, ಬೇರೆ ಯಾರಿಗೂ ಹೇಳುವ ಮೊದಲು ನಾನೇ ಇಲ್ಲಿಗೆ ಬಂದು ನಿಮಗೆ ಹೇಳುತ್ತೇನೆ. ನೀವೆಲ್ಲ ಒಟ್ಟಿಗೆ ಕೂರಲು ಮತ್ತೊಂದು ಜಾಗ ಹುಡುಕದೆ ಮುಚ್ಚುವುದಿಲ್ಲ."

ನಾನು ಒಂದಕ್ಷರ ಮೆತ್ತಗೆ ಮಾಡದೆ ಅನುವಾದ ಮಾಡಿದೆ. ಅಷ್ಟೂ ದಿನದಲ್ಲಿ ಅರ್ಥವಿದ್ದ ಮಾತು ಅದೊಂದೇ ಎಂದು ನನಗೆ ಖುಷಿಯಾಗಿತ್ತು. ಅತ್ತೆ ಅದನ್ನು ಹಿಂದಿಯಲ್ಲಿ ಉಳಿದವರಿಗೆ ಹೇಳಿದರು. ಸೌಟುಗಳು ನಿಂತವು. ತಟ್ಟೆಯ ಮುಂದೆ ಕೂತವರೆಲ್ಲ ತಲೆ ತಗ್ಗಿಸಿದರು, ಸರ್ದಾರಜಿ ಎದ್ದು ಕೈತೊಳೆಯಲು ಹೋದರು. ಆಕೆಗೆ ಏನಾಯಿತೆಂದು ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಊಟಕ್ಕೆ ಕೂತಾಗ ಕೇಡಿನ ಮಾತು ಆಡಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಲೀಡ್ಸಿನಲ್ಲಿ ಅದನ್ನು ಯಾರು ಹೇಳಿಕೊಡುತ್ತಾರೆ?

ಸಂಜೆ ಕಾರಿನಲ್ಲಿ ಅತ್ತೆಯ ಸಿಟ್ಟು ಇಳಿದಿರಲಿಲ್ಲ.

"ಎಂತ ಹೆಂಗಸು ಮಾರಾಯ್ತಿ ಅವಳು? ಬಡಿಸಿದ ಅನ್ನದ ಎದುರು ಕೂತು ಮುಚ್ಚುವ ಮಾತು ಹೇಳುದಾ? ನಾವು ಕೇಳಿದ್ದೆಂತ, ಅವಳು ಹೇಳಿದ್ದೆಂತ."

"ಅತ್ತೆ, ಅವಳು ಇದ್ದದ್ದು ಇದ್ದ ಹಾಗೆ ಹೇಳಿದ್ಲು. ಆ ಇನ್ನೊಬ್ಬ ಏನು ಹೇಳಿದ? ಏನಾದ್ರೂ ಹೇಳಿದ್ನಾ?"

"ಅವ ಒಳ್ಳೆ ಹುಡುಗ. ತಾಯಿಯನ್ನು ನೋಡಿಕೊಳ್ಳುವವ ನಮ್ಮನ್ನು ನೋಡಿಕೊಳ್ಳದೆ ಇರ್ತಾನಾ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೂರು ಸಲ ಗೋಳಿಬಜೆ ತಿಂದವನಿಗೆ ನೂರಾರು ಜನರ ಬದುಕು ಒಪ್ಪಿಸುವವರಿಗೆ ಏನು ಹೇಳುವುದು? ನಮ್ಮವರದು ಹೀಗೆಯೇ. ಚೆನ್ನಾಗಿ ಉಂಡವನು ಒಳ್ಳೆಯವನು, ಹೊಗಳಿ ಉಂಡವನು ದೇವರು. ಉಳಿದ ಹಿರಿಯರೂ ಅದನ್ನೇ ಹೇಳಿದರು, ನಾನು ಅದನ್ನೇ ಬರೆದುಕೊಂಡು ಹೋಗಿ ಕೊಟ್ಟೆ. ಸಲಹೆಗಾರ ಓದಿ, ಎಷ್ಟು ಅಪ್ಪಟ ದನಿ ಎಂದು ಕಣ್ಣು ತೇವ ಮಾಡಿಕೊಂಡ. ಕೌನ್ಸಿಲರುಗಳಿಗೂ ನೀಲಿ ಸೂಟೇ ಹಿಡಿಸಿತ್ತು. ಲೀಡ್ಸ್ ಕಡೆಯವಳು ಅವರ ಮುಂದೆಯೂ ಛಾವಣಿಯ ವಿಷಯ ಎತ್ತಿದ್ದಳಂತೆ. ನಕಾರಾತ್ಮಕ ಮನೋಭಾವ ಎಂದು ಒಬ್ಬರು ಬರೆದರು. ಕಣ್ಣು ಮುಚ್ಚಿ ಕೇಳುವವರು ಎಚ್ಚರಗೊಂಡು ಅದಕ್ಕೆ ಸಹಿ ಹಾಕಿದರು. ಊರಿನ ದೊಡ್ಡವರೂ ನಮ್ಮ ಹಿರಿಯರೂ ಒಮ್ಮತಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆತ ಬಂದು ವರ್ಷ ತುಂಬುವ ಮೊದಲೇ ಸೆಂಟರಿಗೆ ಎಳ್ಳುನೀರು ಬಿಟ್ಟ. ಮುಚ್ಚುತ್ತೇವೆ ಎಂಬ ಮಾತನ್ನು ಯಾರೂ ಬಳಸಲಿಲ್ಲ. ಕಟ್ಟಡಗಳಿಂದ ಆಚೆಗೆ, ವ್ಯಕ್ತಿಯ ಆಯ್ಕೆಯ ಕಡೆಗೆ ಎಂದು ಪ್ರಕಟಣೆ ಬಂತು. ಅಲ್ಲಿಯವರ ಅಭಿಪ್ರಾಯ ಕೇಳಿದ್ದು ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿ. ಸುದ್ದಿ ತಿಳಿಸಲು ಆತ ಬರಲಿಲ್ಲ. ಗೋಡೆಯ ಟಿವಿಯಲ್ಲಿ ಅವನ ವಿಡಿಯೋ ಹಾಕಿದರು. ಎದೆಯ ಮೇಲೆ ಕೈಯಿತ್ತು. ನೀವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ ಎಂದ. ಅತ್ತೆಗೆ ಭಾಷೆ ತಿಳಿಯದಿದ್ದರೂ ಮುಖ ಗುರುತು ಸಿಕ್ಕಿ, ನಮ್ಮ ಹುಡುಗ ಬಂದ ಎಂದು ಪಕ್ಕದವರಿಗೆ ತೋರಿಸಿದರಂತೆ. ಮನೆಗೆ ಬಂದ ಮೇಲೆ ಅವನು ಹೇಳಿದ್ದೇನೆಂದು ನಾನೇ ತಿಳಿಸಬೇಕಾಯಿತು. ಆ ದಿನದಷ್ಟು ನನಗೆ ನನ್ನ ಕೆಲಸದ ಮೇಲೆ ಹೇಸಿಗೆ ಯಾವತ್ತೂ ಆಗಿಲ್ಲ.

ಹಿರಿಯರಿಗೆ ಬದಲಿ ವ್ಯವಸ್ಥೆಯೂ ಆಯಿತು. ವಾರಕ್ಕೊಮ್ಮೆ ಒಬ್ಬಳು ಹುಡುಗಿ ಫೋನ್ ಮಾಡುತ್ತಿದ್ದಳು. ಒಳ್ಳೆಯ ಹುಡುಗಿ, ಪಾಪ. ಓಕೆನಾ ಎಂದು ಅವಳು ಕೇಳುವಳು, ಓಕೆ ಎಂದು ಅತ್ತೆ ಹೇಳುವರು, ಅಲ್ಲಿಗೆ ಮುಗಿಯಿತು. ಅತ್ತೆ ಬೆಳಿಗ್ಗೆ ಸೀರೆ ಉಟ್ಟು ತಯಾರಾಗುವುದನ್ನು ಬಿಡಲಿಲ್ಲ. ಮೂವರಿಗೆ ಅಡುಗೆ ಮಾಡುವುದೂ ಅವರಿಗೆ ಮರೆತುಹೋಗಿತ್ತು. ದೊಡ್ಡ ಪಾತ್ರೆಯಲ್ಲಿ ಸಾರು ಮಾಡುವುದು, ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುವುದು. ಫ್ರೀಜರ್ ಬಾಗಿಲು ಮುಚ್ಚದಂತಾಯಿತು. ನಾನೂ ನನ್ನ ಗಂಡನೂ ವಾರಗಟ್ಟಲೆ ಅದೇ ಸಾರು ಉಂಡೆವು. ಬೇಡ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಕ್ರಮೇಣ ಅವರು ಅಡುಗೆಯನ್ನೂ ಕಡಿಮೆ ಮಾಡಿದರು, ಮಾತನ್ನೂ ಕಡಿಮೆ ಮಾಡಿದರು. ಬಂದ ಹೊಸತರಲ್ಲಿ ಕೂತಿದ್ದ ಅದೇ ಕುರ್ಚಿಯಲ್ಲಿ ಮತ್ತೆ ಕೂರತೊಡಗಿದರು.

ಒಂದು ಶನಿವಾರ ಹತ್ತಿರದ ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೋಗಿದ್ದೆವು. ಪ್ರಸಾದದ ಸಾಲಿನಲ್ಲಿ ಅತ್ತೆಗೆ ಹಳೆಯ ಪರಿಚಯದ ಒಬ್ಬ ಗುಜರಾತಿ ಹೆಂಗಸು ಸಿಕ್ಕಳು. ಅವಳು ಇರುವುದು ಪಕ್ಕದ ಕೌನ್ಸಿಲ್ಲಿನ ಊರಿನಲ್ಲಿ. ಅಲ್ಲಿಯ ಡೈರೆಕ್ಟರ್ ಈಗ ಯಾರೆಂದರೆ ನಮ್ಮ ಲೀಡ್ಸ್ ಕಡೆಯವಳು. ಅಲ್ಲಿಯ ಸೆಂಟರನ್ನೂ ಅವಳು ಮುಚ್ಚಿದಳಂತೆ. ಆದರೆ ಮೊದಲು ತಾನೇ ಬಂದು ಎಲ್ಲರ ಎದುರು ನಿಂತು ಹೇಳಿದಳಂತೆ, ಬೈದವರಿಂದೆಲ್ಲ ಬೈಸಿಕೊಂಡಳಂತೆ. ಈಗ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ವಾರಕ್ಕೆರಡು ದಿನ ಇವರೆಲ್ಲ ಸೇರುತ್ತಾರೆ, ಅಡುಗೆಗೆ ಒಲೆಯಿಲ್ಲ, ಮನೆಯಿಂದ ಡಬ್ಬಿ ತರುತ್ತಾರೆ. ಗುಜರಾತಿ ಹೆಂಗಸು ಇದನ್ನು ದೂರುವ ದನಿಯಲ್ಲೇ ಹೇಳಿದಳು. ಕಾರಿನಲ್ಲಿ ಅರ್ಧ ದಾರಿಯವರೆಗೂ ಪ್ರಸಾದದ ಬಟ್ಟಲು ಅತ್ತೆಯ ಕೈಯಲ್ಲೇ ಇತ್ತು.

"ಮಳೆಗೆ ಮಾಡು ಸೋರಿದ್ದು ಅವಳಿಂದ ಅಲ್ಲ ಅಲ್ವಾ," ಎಂದರು.

ನೀಲಿ ಸೂಟಿನವನು ಎರಡನೆಯ ವರ್ಷವೇ ಇನ್ನೂ ದೊಡ್ಡ ಕೌನ್ಸಿಲ್ಲಿಗೆ ಹಾರಿದ. ಬೀಳ್ಕೊಡುಗೆಯಲ್ಲಿ ಅವನ ಧೈರ್ಯವನ್ನು ಹೊಗಳಿದರು. ಅದೇ ಸಲಹೆಗಾರ ಮತ್ತೆ ಬಂದ, ಮತ್ತೆ ಪುಸ್ತಿಕೆ ಅಚ್ಚಾಯಿತು. ಈ ಸಲ ಮೊದಲ ಪುಟದಲ್ಲಿ ಕಾಲುವೆಯಿರಲಿಲ್ಲ, ನನ್ನ ಅತ್ತೆ ಇದ್ದರು. ಸೌಟು ಹಿಡಿದು ಬಗ್ಗಿ ಬಡಿಸುತ್ತಿರುವ ಆ ಫೋಟೋ. ತಟ್ಟೆ ಚಾಚಿದ್ದವನನ್ನು ಕತ್ತರಿಸಿ ಕೈಯೊಂದನ್ನು ಉಳಿಸಿದ್ದರು. ಸೆಂಟರೇ ಇಲ್ಲವಲ್ಲ ಎಂದು ನಾನು ಕೇಳಿದೆ. ಫೋಟೋ ತುಂಬ ಆತ್ಮೀಯವಾಗಿದೆ ಎಂದು ಸಲಹೆಗಾರ ಉತ್ತರಿಸಿದ. ಸಮುದಾಯದ ದನಿಗೆ ಹಿರಿಯರು ಬೇಕು, ಆದರೆ ಅವರೆಲ್ಲ ಈಗ ಎಲ್ಲಿ ಸಿಗುತ್ತಾರೋ ತಿಳಿಯದು, ನಿಮ್ಮ ಅತ್ತೆಯನ್ನಾದರೂ ಕರೆತನ್ನಿ ಎಂದ. ಬೈಗುಳ ಬಾಯಿಯವರೆಗೂ ಬಂದು ನಿಂತಿತು. ಅತ್ತೆ ಬರುವುದಿಲ್ಲ ಎನ್ನುವ ಧೈರ್ಯದಲ್ಲಿ ಮನೆಯಲ್ಲಿ ಹೇಳಿದೆ. ಬರುತ್ತೇನೆ ಎಂದರು.

ಕೌನ್ಸಿಲ್ಲಿನ ಮೇಲಿನ ಮಹಡಿಯ ಕೋಣೆ, ಮೇಜಿನ ಮೇಲೆ ತ್ರಿಕೋನದ ಸ್ಯಾಂಡ್‌ವಿಚ್. ಅತ್ತೆಯ ಜೊತೆಗೆ ಸರ್ದಾರಜಿಯೊಬ್ಬರೇ, ಉಳಿದವರು ಸಿಕ್ಕಿರಲಿಲ್ಲ. ಒಳಗೆ ಬಂದ ಮೊದಲ ಅಭ್ಯರ್ಥಿ ಅತ್ತೆಯನ್ನು ನೋಡಿ ನಿಂತುಬಿಟ್ಟ. ಪುಸ್ತಿಕೆಯ ಫೋಟೋ ತೋರಿಸಿ, ಇದು ನೀವೇ ಅಲ್ಲವೇ ಎಂದು ಹಲ್ಲು ಬಿಟ್ಟ. ತಟ್ಟೆಗೆ ಎರಡು ಸ್ಯಾಂಡ್‌ವಿಚ್ ಹಾಕಿಕೊಂಡು ಅತ್ತೆಯ ಕಡೆಗೂ ಒಂದನ್ನು ಸರಿಸಿದ. ನಾನು ಮನೆಯಲ್ಲೇ ಉಂಡು ಬಂದೆ ಎಂದು ಅತ್ತೆ ನನ್ನಿಂದ ಹೇಳಿಸಿದರು. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಆತ ಅಷ್ಟಕ್ಕೆ ಬಿಡದೆ, ನನಗೆ ಕೆಲಸ ಸಿಕ್ಕರೆ ಮೊದಲು ನಿಮ್ಮ ಸೆಂಟರಿಗೇ ಬಂದು ನಿಮ್ಮ ಕೈಯಡುಗೆ ಉಣ್ಣುತ್ತೇನೆ ಎಂದ. ಸಲಹೆಗಾರ ನೀರಿನ ಲೋಟದೊಳಗೆ ನೋಡತೊಡಗಿದ. ನಾನು ಅದನ್ನೂ ಇದ್ದ ಹಾಗೆ ಅನುವಾದ ಮಾಡಿದೆ.

ಅತ್ತೆಗೆ ಸಿಟ್ಟು ಬರಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಸಿಹಿ ಮಾತು ಬೇಡ ಹೇಳು. ನಮಗೆ ಕೆಟ್ಟದ್ದು ಎಂತ ಮಾಡುವವನಿದ್ದಾನೆ, ಅದನ್ನು ಮೊದಲು ಹೇಳಲಿ. ಊಟದ ಹೊತ್ತು ಹೌದು. ಅಡ್ಡಿಲ್ಲ."

ನಾನು ಹೇಳಿದೆ. ಆತನ ಬಾಯಲ್ಲಿದ್ದ ಸ್ಯಾಂಡ್‌ವಿಚ್ ಅಲ್ಲೇ ನಿಂತಿತು. ಸಲಹೆಗಾರ ಚುರುಕಾದ. ಇದು ಒಪ್ಪಿಗೆಯಾದ ಪ್ರಶ್ನೆಯಲ್ಲ, ಒಬ್ಬರಿಗೆ ಕೇಳಿದ್ದನ್ನು ಎಲ್ಲರಿಗೂ ಕೇಳಬೇಕೆಂಬ ನಿಯಮವಿದೆ, ದಯವಿಟ್ಟು ಅವರಿಗೆ ತಿಳಿಸಿ ಎಂದ. ತಿಳಿಸಿದೆ. ಅತ್ತೆ ಗಮನವಿಟ್ಟು ಕೇಳಿ ತಲೆಯಾಡಿಸಿದರು.

"ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ಎಲ್ಲರನ್ನೂ ಕೇಳುವ."

ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೈ ಕಟ್ಟಿ ಕೂತರು. ಹೊರಗಿನ ಬೆಂಚಿನಲ್ಲಿ ಇನ್ನೂ ಇಬ್ಬರು ಅಭ್ಯರ್ಥಿಗಳಿದ್ದರು. ಒಳಗಿದ್ದವನು ಇನ್ನೂ ಉತ್ತರ ಹೇಳಿರಲಿಲ್ಲ, ಅತ್ತೆ ಅವನ ಮುಖ ನೋಡುತ್ತ ಕಾಯುತ್ತಿದ್ದರು.